ಕೀಟಗಳ ಸಮೀಪ ಛಾಯಾಗ್ರಹಣಕ್ಕೆ ಫ್ಲ್ಯಾಶ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೀಟಗಳ ಮ್ಯಾಕ್ರೋ ಛಾಯಾಗ್ರಹಣಕ್ಕೆಂದು ಫ್ಲ್ಯಾಶ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅದರ ಶಕ್ತಿಯನ್ನು. ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯನ್ನು ಸೂಚಿಸುವ ಸಂಖ್ಯೆ) ಹೆಚ್ಚಿದ್ದಷ್ಟೂ ಉಪಕರಣ ಉತ್ತಮ ಎಂಬ ಲೆಕ್ಕಾಚಾರ ಸಭಾಂಗಣದ ಆ ತುದಿಯಲ್ಲಿ ನಿಂತವರ ಚಿತ್ರ ತೆಗೆಯುವವರಿಗೆ ಸರಿಹೊಂದುತ್ತದೆ. ಲೆನ್ಸಿನಿಂದ ಒಂದು ಗೇಣಿಗೂ ಕಡಿಮೆ ದೂರದಲ್ಲಿ ಕುಳಿತಿರುವ ಇರುವೆಯ ವಿಷಯದಲ್ಲಿ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಇಷ್ಟು ಹತ್ತಿರದಲ್ಲಿ ಚಿಕ್ಕ ಫ್ಲ್ಯಾಶಿನ ಬಳಿಯೂ ಬೇಕಾದಷ್ಟು ಬೆಳಕಿರುತ್ತದೆ. ಚಿತ್ರದ ಗುಣವನ್ನು ನಿರ್ಧರಿಸುವುದು ಬೆಳಕು ಹೊಮ್ಮುವ ಮೇಲ್ಮೈ ಎಷ್ಟು ಅಗಲವಾಗಿದೆ ಮತ್ತು ಅದು ಕೀಟಕ್ಕೆ ಎಷ್ಟು ಹತ್ತಿರದಲ್ಲಿದೆ ಎಂಬುದು. ಆದ್ದರಿಂದ ಆಯ್ಕೆಯ ಕ್ರಮವನ್ನೇ ತಿರುವಿ ಹಾಕಬೇಕಾಗುತ್ತದೆ: ಮೊದಲು ಲೆನ್ಸಿನ ಮುಂದೆ ಉಳಿಯುವ ಜಾಗವನ್ನು ಅಳೆಯಬೇಕು, ಆ ಜಾಗಕ್ಕೆ ಹೊಂದುವ ಡಿಫ್ಯೂಸರ್ (ಫ್ಲ್ಯಾಶಿನ ಬೆಳಕನ್ನು ಹರಡಿ ಮೃದುಗೊಳಿಸುವ ಹಾಳೆ) ಯಾವುದೆಂದು ತೀರ್ಮಾನಿಸಬೇಕು, ಆ ಡಿಫ್ಯೂಸರನ್ನು ಬೆಳಗಬಲ್ಲ ಫ್ಲ್ಯಾಶ್ ಯಾವುದೆಂದು ಕೊನೆಯಲ್ಲಿ ನೋಡಬೇಕು.

ಹಂತ 1: ಎಷ್ಟು ಬೆಳಕು ಬೇಕೆಂದು ಲೆಕ್ಕ ಹಾಕಿ

ಫ್ಲ್ಯಾಶ್ ಏಕೆ ಬೇಕು ಎಂಬುದು ಸ್ಪಷ್ಟವಾದರೆ ಎಂತಹದ್ದು ಬೇಕು ಎಂಬುದೂ ಅರ್ಧ ತೀರ್ಮಾನವಾದಂತೆಯೇ. ಒಂದಕ್ಕೊಂದರ ವರ್ಧನೆಯಲ್ಲಿ, ಅಂದರೆ ಕೀಟದ ನಿಜ ಗಾತ್ರವೇ ಸೆನ್ಸರಿನ ಮೇಲೆ ಮೂಡುವಾಗ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್/11 ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ; ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1.3 ಮಿಲಿಮೀಟರ್ ಮಾತ್ರ. ವರ್ಧನೆಯನ್ನು ಎರಡು ಪಟ್ಟಿಗೆ ಏರಿಸಿದರೆ ಅದು ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ. ಹೀಗಾಗಿ ಅಪರ್ಚರನ್ನು ಕಿರಿದುಗೊಳಿಸದೆ ಬೇರೆ ದಾರಿಯಿಲ್ಲ. ಆದರೆ ಮ್ಯಾಕ್ರೋ ವರ್ಧನೆಯಲ್ಲಿ ಲೆನ್ಸಿನ ಅಪರ್ಚರ್ ಸಂಖ್ಯೆಯೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಸೆನ್ಸರಿಗೆ ತಲಪುವ ಬೆಳಕಿನ ಮಟ್ಟಿಗೆ ವರ್ಧನೆಗೆ ಒಂದು ಕೂಡಿಸಿ, ಬಂದದ್ದರಿಂದ ಆ ಸಂಖ್ಯೆಯನ್ನು ಗುಣಿಸಬೇಕು. ಒಂದಕ್ಕೊಂದರಲ್ಲಿ ಎಫ್/11 ಎಂಬುದು ಎಫ್/22 ಆಗುತ್ತದೆ, ಎರಡು ಪಟ್ಟಿನಲ್ಲಿ ಎಫ್/33 ಆಗುತ್ತದೆ. (ನಿಕಾನ್ ಕ್ಯಾಮೆರಾಗಳು ತಮ್ಮ ಮ್ಯಾಕ್ರೋ ಲೆನ್ಸುಗಳೊಂದಿಗೆ ಈ ಪರಿಣಾಮಕಾರಿ ಸಂಖ್ಯೆಯನ್ನೇ ತೋರಿಸುವುದರಿಂದ ಅವುಗಳ ಬಳಕೆದಾರರು ಎರಡು ಸಲ ಲೆಕ್ಕ ಹಾಕದಂತೆ ಎಚ್ಚರ ವಹಿಸಬೇಕು.)

ಈಗ ಐಎಸ್‌ಒ 100ರಲ್ಲಿ, ಪರಿಣಾಮಕಾರಿ ಎಫ್/22ರಲ್ಲಿ ಪ್ರಖರ ಬಿಸಿಲಿಗೆ ಬೇಕಾಗುವ ಶಟರ್ ವೇಗ ಸೆಕೆಂಡಿನ ಸುಮಾರು 1/50. ಬಿಸಿಲಿಗಿಂತ ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಅಥವಾ ಎರಡರಷ್ಟಾಗುವುದು) ಮಂದವಾದ ನೆರಳಿನಲ್ಲಿ ಅದು 1/6 ಆಗುತ್ತದೆ. ಗಾಳಿಗೆ ತೂಗುವ ಎಲೆಯ ಮೇಲಿರುವ, ಕುಡಿಮೀಸೆಯನ್ನು ಒಂದೇ ಸಮನೆ ಆಡಿಸುತ್ತಿರುವ ಜೀವಿಯನ್ನು ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ 1/6 ಸೆಕೆಂಡಿನಲ್ಲಿ ಸೆರೆಹಿಡಿಯುವುದು ಅಸಾಧ್ಯ. ಫ್ಲ್ಯಾಶ್ ಬೇಕಾಗುವುದು ಇಲ್ಲಿ. ಅದು ಬೆಳಕನ್ನು ಕೊಡುವುದಷ್ಟೇ ಅಲ್ಲದೆ ಚಲನೆಯನ್ನೂ ತಡೆದು ನಿಲ್ಲಿಸುತ್ತದೆ, ಮತ್ತು ಎರಡನೆಯ ಗುಣವೇ ಮೊದಲನೆಯದಕ್ಕಿಂತ ಅಮೂಲ್ಯ.

ಹಂತ 2: ಲೆನ್ಸಿನ ಮುಂದಿನ ಜಾಗವನ್ನು ಅಳೆಯಿರಿ

ಲೆನ್ಸಿನ ವಿವರಣೆಯಲ್ಲಿ ಮುದ್ರಿತವಾಗಿರುವ ಕನಿಷ್ಠ ಫೋಕಸ್ ದೂರವನ್ನು ಸೆನ್ಸರಿನಿಂದ ಅಳೆದಿರುತ್ತಾರೆ. ನಮಗೆ ಬೇಕಾದದ್ದು ಲೆನ್ಸಿನ ಮುಂಭಾಗದ ಗಾಜಿನಿಂದ ಕೀಟದವರೆಗಿನ ಅಂತರ. 30 ಸೆಂಟಿಮೀಟರ್ ಎಂದು ಬರೆದಿರುವ 100 ಮಿಲಿಮೀಟರಿನ ಮ್ಯಾಕ್ರೋ ಲೆನ್ಸಿನಲ್ಲಿ ಒಂದಕ್ಕೊಂದರ ವರ್ಧನೆಗೆ ಹೋದಾಗ ಮುಂದೆ ಉಳಿಯುವುದು ಸುಮಾರು 13ರಿಂದ 15 ಸೆಂಟಿಮೀಟರ್. 60 ಮಿಲಿಮೀಟರಿನವುಗಳಲ್ಲಿ ಅದು ಇನ್ನೂ ಕಡಿಮೆ. ಐದು ಪಟ್ಟಿನವರೆಗೆ ಹೋಗುವ ಕ್ಯಾನನ್ ಎಂಪಿ-ಇ 65ರಲ್ಲಿ ಒಂದು ಪಟ್ಟಿಗೆ ಸುಮಾರು 10 ಸೆಂಟಿಮೀಟರ್ ಇರುವ ಅಂತರ ಐದು ಪಟ್ಟಿಗೆ 4 ಸೆಂಟಿಮೀಟರಿಗೆ ಕುಗ್ಗುತ್ತದೆ.

ಈ ಅಳತೆಯನ್ನು ಕಾಗದದ ಮೇಲೆ ನಂಬುವ ಬದಲು ಒಂದು ಅಳತೆಪಟ್ಟಿಯನ್ನು ಇಟ್ಟು ನೀವೇ ನೋಡಿಕೊಳ್ಳಿ, ಏಕೆಂದರೆ ಡಿಫ್ಯೂಸರಿನ ಆಕಾರ, ಫ್ಲ್ಯಾಶ್ ಬಾಗಬೇಕಾದ ಕೋನ, ಬ್ರಾಕೆಟ್ಟಿನ ಉದ್ದ ಎಲ್ಲವೂ ಇದರಿಂದಲೇ ಹುಟ್ಟುತ್ತವೆ. ಅಂತರ 15 ಸೆಂಟಿಮೀಟರ್ ಇರುವವರು ಫ್ಲ್ಯಾಶನ್ನು ಲೆನ್ಸಿನ ತುದಿಗಿಂತ ಮುಂದಕ್ಕೆ ತರಬೇಕು, ಇಲ್ಲವಾದರೆ ಬೆಳಕು ದೂರದಿಂದ ಬಂದು ಗಡಸಾಗುತ್ತದೆ. ಅಂತರ 4 ಸೆಂಟಿಮೀಟರ್ ಇರುವವರಿಗೆ ಸಮಸ್ಯೆ ತದ್ವಿರುದ್ಧ: ಲೆನ್ಸಿನ ಕೊಳವೆಯೇ ಕೀಟದ ಮೇಲೆ ನೆರಳು ಚೆಲ್ಲುತ್ತದೆ, ಹಾಗಾಗಿ ಬೆಳಕು ಪಕ್ಕದಿಂದ ನುಸುಳಬೇಕಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಲೆನ್ಸ್ ಹುಡ್ಡನ್ನು ತೆಗೆದಿಡುವುದು ಕಡ್ಡಾಯ.

ಹಂತ 3: ಡಿಫ್ಯೂಸರನ್ನು ಮೊದಲು ತೀರ್ಮಾನಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೀಟದ ಹೊರಕವಚ ಕೈಟಿನ್‌ನಿಂದಾದದ್ದು. ಜೀರುಂಡೆಯ ಗಡಸು ರೆಕ್ಕೆಕವಚ, ಇರುವೆಯ ತಲೆ, ನೊಣದ ಸಂಯುಕ್ತ ಕಣ್ಣು ಇವೆಲ್ಲ ಉಬ್ಬುಗನ್ನಡಿಗಳಂತೆ ವರ್ತಿಸಿ ಬೆಳಕಿನ ಮೂಲವನ್ನೇ ಪ್ರತಿಬಿಂಬಿಸುತ್ತವೆ. ಮೂಲ ಚಿಕ್ಕದಾಗಿದ್ದರೆ ಆ ಪ್ರತಿಬಿಂಬ ಕಣ್ಣು ಕೋರೈಸುವ ಬಿಳಿ ಚುಕ್ಕೆಯಾಗಿ, ಆ ಚುಕ್ಕೆಯೊಳಗಿನ ಬಣ್ಣವನ್ನೂ ವಿನ್ಯಾಸವನ್ನೂ ನುಂಗಿಹಾಕುತ್ತದೆ. ಮೂಲ ಅಗಲವಾಗಿದ್ದರೆ ಅಷ್ಟೇ ಬೆಳಕು ಹೆಚ್ಚು ವಿಸ್ತಾರದಲ್ಲಿ ಹರಡಿ, ಹೊಳಪು ಮೃದುವಾದ ಇಳಿಜಾರಾಗಿ ಕಾಣುತ್ತದೆ, ಮತ್ತು ಕೆಳಗಿನ ಬಣ್ಣ ಉಳಿಯುತ್ತದೆ.

ಅಗಲ ಎಂಬುದು ದೂರಕ್ಕೆ ಸಾಪೇಕ್ಷ. ಎರಡು ಮೀಟರ್ ದೂರದಲ್ಲಿರುವ 60 ಸೆಂಟಿಮೀಟರಿನ ಸಾಫ್ಟ್‌ಬಾಕ್ಸಿಗಿಂತ ಎಂಟು ಸೆಂಟಿಮೀಟರ್ ದೂರದಲ್ಲಿರುವ 10 ಸೆಂಟಿಮೀಟರಿನ ಹಾಳೆ ಕೀಟದ ದೃಷ್ಟಿಯಲ್ಲಿ ನಾಲ್ಕು ಪಟ್ಟು ಅಗಲವಾಗಿರುತ್ತದೆ. ಆದ್ದರಿಂದ ಡಿಫ್ಯೂಸರನ್ನು ಸಾಧ್ಯವಾದಷ್ಟು ಮುಂದಕ್ಕೆ, ಚಿತ್ರದ ಚೌಕಟ್ಟಿನೊಳಗೆ ಇಣುಕದ ಮಟ್ಟಿಗೆ ಕೀಟದ ಹತ್ತಿರಕ್ಕೆ ತರಬೇಕು. ಮೇಲ್ಗಡೆಯಿಂದ ಬಾಗಿ ಎರಡೂ ಪಕ್ಕಗಳನ್ನು ಸ್ವಲ್ಪ ಆವರಿಸುವ ಆಕಾರ ಉತ್ತಮ. ಬೆಳಕು ಮೇಲಿನಿಂದ ಬರುವುದು ಕಣ್ಣಿಗೆ ಸಹಜ, ಪಕ್ಕಗಳ ಬಾಗು ಹೊಟ್ಟೆಯ ಭಾಗದ ನೆರಳನ್ನು ತಿಳಿಗೊಳಿಸುತ್ತದೆ.

ವಸ್ತುವಿನ ಬಗ್ಗೆ ಹೇಳುವುದಾದರೆ, ಹಾಲಿನ ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ, ಟ್ರೇಸಿಂಗ್ ಪೇಪರ್, ಸಾಮಾನು ಸುತ್ತಿ ಕಳಿಸುವ ತೆಳು ಬಿಳಿ ಫೋಮ್ ಹಾಳೆ ಎಲ್ಲವೂ ಕೆಲಸ ಮಾಡುತ್ತವೆ. ಒಂದೇ ಪದರ ಸಾಲದು. ಒಂದೇ ಪದರವಿದ್ದಾಗ ಫ್ಲ್ಯಾಶ್ ತಲೆಯ ಎದುರಿನ ಭಾಗ ಮಾತ್ರ ಉರಿದು, ಅಂಚುಗಳು ಮಂಕಾಗಿಯೇ ಉಳಿಯುತ್ತವೆ; ಹಾಳೆ ಎಷ್ಟೇ ದೊಡ್ಡದಿದ್ದರೂ ಕೆಲಸ ಮಾಡುವ ಅಗಲ ಆ ಉರಿಯುವ ಭಾಗದಷ್ಟೇ. ಫ್ಲ್ಯಾಶಿನ ಬಾಯಿಗೆ ಒಂದು ಪದರ, ಅದರಿಂದ ಮೂರು ನಾಲ್ಕು ಸೆಂಟಿಮೀಟರ್ ಮುಂದೆ ಇನ್ನೊಂದು ಪದರ ಇದ್ದು, ನಡುವಿನ ಗೋಡೆಗಳು ಬಿಳಿಯಾಗಿದ್ದರೆ ಬೆಳಕು ಒಳಗೇ ಅತ್ತಿತ್ತ ಬಡಿದು ಸಮನಾಗಿ ಹೊರಬರುತ್ತದೆ. ಫ್ಲ್ಯಾಶಿನಲ್ಲಿ ಎಳೆದು ಮುಚ್ಚುವ ವೈಡ್ ಪ್ಯಾನೆಲ್ ಇದ್ದರೆ ಅದನ್ನೂ ಬಳಸಬೇಕು.

ಡಿಫ್ಯೂಸರ್ ಹೇಗಿದೆಯೆಂದು ಪರೀಕ್ಷಿಸಲು ಕೀಟ ಬೇಕಾಗಿಲ್ಲ. ಐದಾರು ಮಿಲಿಮೀಟರಿನ ಉಕ್ಕಿನ ಬಾಲ್ ಬೇರಿಂಗ್ ಗುಂಡು ಸಾಕು. ಅದನ್ನು ಎಲೆಯೊಂದರ ಮೇಲಿಟ್ಟು, ನಿಮ್ಮ ರೂಢಿಯ ವರ್ಧನೆಯಲ್ಲಿ ಚಿತ್ರ ತೆಗೆದು, ಪರದೆಯ ಮೇಲೆ ಹಿಗ್ಗಿಸಿ ನೋಡಿ. ಗುಂಡಿನ ಮೇಲ್ಮೈಯಲ್ಲಿ ನಿಮ್ಮ ಡಿಫ್ಯೂಸರಿನ ಪೂರ್ಣ ಚಿತ್ರವೇ ಬಾಗಿ ಮೂಡಿರುತ್ತದೆ: ನಡುವೆ ಪ್ರಖರವಾದ ಮಚ್ಚೆಯಿದ್ದರೆ ಒಳಪದರ ಸಾಲದು, ಬಿಳಿ ಭಾಗ ಗುಂಡಿನ ಮೇಲ್ತುದಿಯಲ್ಲಷ್ಟೇ ಒಂದು ತೆಳು ಪಟ್ಟಿಯಾಗಿದ್ದರೆ ಹಾಳೆಯನ್ನು ಇನ್ನಷ್ಟು ಮುಂದಕ್ಕೆ ಬಾಗಿಸಬೇಕು, ಲೆನ್ಸಿನ ಕಪ್ಪು ವೃತ್ತ ಗುಂಡಿನ ಬಹುಭಾಗವನ್ನು ಆವರಿಸಿದ್ದರೆ ಕೆಳಗಿನಿಂದ ಒಂದು ಬಿಳಿ ಕಾರ್ಡಿನ ಆಸರೆ ಬೇಕು. ಈ ಗುಂಡಿನಲ್ಲಿ ಕಾಣುವುದೇ ನಾಳೆ ನೊಣದ ಕಣ್ಣಿನಲ್ಲೂ ಕಾಣುವುದು. ಪ್ರತಿಯೊಂದು ಬದಲಾವಣೆಯ ನಂತರವೂ ಇದೇ ಪರೀಕ್ಷೆಯನ್ನು ಮಾಡಿದರೆ ಅಂದಾಜಿನ ಕೆಲಸ ತಪ್ಪುತ್ತದೆ.

ಹಂತ 4: ಫ್ಲ್ಯಾಶಿನ ಬಗೆಯನ್ನು ಆರಿಸಿ

ಲೆನ್ಸಿನ ತುದಿಯನ್ನು ಉಂಗುರದಂತೆ ಸುತ್ತುವರಿಯುವ ರಿಂಗ್ ಫ್ಲ್ಯಾಶ್ ಹುಟ್ಟಿದ್ದು ಹಲ್ಲಿನ ವೈದ್ಯರ ಅಗತ್ಯಕ್ಕೆ; ಬಾಯಿಯೊಳಗೆ ನೆರಳಿಲ್ಲದಂತೆ ಬೆಳಕು ತುಂಬುವುದು ಅದರ ಗುರಿ. ನೆರಳಿಲ್ಲದಿರುವುದೇ ಕೀಟಗಳ ವಿಷಯದಲ್ಲಿ ಅದರ ದೋಷ. ಉಬ್ಬುತಗ್ಗುಗಳು ಮರೆಯಾಗಿ ಜೀವಿ ಚಪ್ಪಟೆಯಾಗಿ ಕಾಣುತ್ತದೆ, ಹೊಳಪಿನ ಕಣ್ಣಿನಲ್ಲಿ ಉಂಗುರದಾಕಾರದ ಪ್ರತಿಬಿಂಬ ಮೂಡುತ್ತದೆ. ಕ್ಯಾನನ್ ಎಂಆರ್-14ಇಎಕ್ಸ್ II ತರಹದ ಉಪಕರಣಗಳಲ್ಲಿ ಎರಡು ಬದಿಯ ಕೊಳವೆಗಳ ಅನುಪಾತವನ್ನು ಬದಲಿಸಿ ಒಂದಿಷ್ಟು ನೆರಳು ತರಬಹುದಾದರೂ, ಗುರುತಿಸುವಿಕೆಯ ದಾಖಲೆಗಾಗಿ ಚಿತ್ರ ತೆಗೆಯುವವರನ್ನು ಬಿಟ್ಟರೆ ಬೇರೆಯವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಗ್ಯಾಸ್ ತುಂಬಿದ ಫ್ಲ್ಯಾಶ್ ಕೊಳವೆಯ ಬದಲು ಎಲ್‌ಇಡಿ ಇರುವ ಅಗ್ಗದ ರಿಂಗ್ ಲೈಟುಗಳನ್ನಂತೂ ಫ್ಲ್ಯಾಶ್ ಎಂದು ತಿಳಿದು ಕೊಳ್ಳಬಾರದು. ಫೋಕಸ್ ಮಾಡಲು ಅವು ನೆರವಾಗುತ್ತವೆ, ಚಲನೆಯನ್ನು ನಿಲ್ಲಿಸಲಾರವು.

ಟ್ವಿನ್ ಫ್ಲ್ಯಾಶಿನಲ್ಲಿ ಲೆನ್ಸಿನ ಮುಂತುದಿಗೆ ಎರಡು ಪುಟ್ಟ ತಲೆಗಳು ಸೇರಿರುತ್ತವೆ. ಕ್ಯಾನನ್ ಎಂಟಿ-26ಇಎಕ್ಸ್-ಆರ್‌ಟಿ, ನಿಕಾನ್ ಆರ್1ಸಿ1, ಒಲಿಂಪಸ್ ಎಸ್‌ಟಿಎಫ್-8 ಈ ಬಗೆಯವು. ವೀನಸ್ ಆಪ್ಟಿಕ್ಸ್ ಕಂಪನಿಯ ಲಾವೊವಾ ಕೆಎಕ್ಸ್-800ರಲ್ಲಿ ತಲೆಗಳು ಬಾಗುವ ತೋಳುಗಳ ಮೇಲಿವೆ. ಎರಡು ತಲೆಗಳನ್ನು ಬೇರೆ ಬೇರೆ ಶಕ್ತಿಯಲ್ಲಿ ಉರಿಸಬಹುದಾದ್ದರಿಂದ, ಒಂದನ್ನು ಮುಖ್ಯ ಬೆಳಕಾಗಿಯೂ ಇನ್ನೊಂದನ್ನು ಅದರ ಅರ್ಧ ಅಥವಾ ಕಾಲು ಶಕ್ತಿಯಲ್ಲಿ ನೆರಳು ತಿಳಿಗೊಳಿಸಲೂ ಬಳಸುವ ಸ್ವಾತಂತ್ರ್ಯ ಸಿಗುತ್ತದೆ. ಹೆಚ್ಚಿನ ವರ್ಧನೆಯಲ್ಲಿ ಕೆಲಸ ಮಾಡುವವರಿಗೆ ಇದು ನಿಜವಾಗಿಯೂ ಸೂಕ್ತ. ತಲೆಗಳು ಚಿಕ್ಕವಾದ್ದರಿಂದ ಡಿಫ್ಯೂಸರ್ ಇಲ್ಲದೆ ಬಳಸಿದರೆ ಕಣ್ಣಿನಲ್ಲಿ ಎರಡು ಗಡಸು ಚುಕ್ಕೆಗಳು ಮೂಡುತ್ತವೆ ಎಂಬುದನ್ನು ಮರೆಯಬಾರದು. ಇದರ ತೂಕ ಲೆನ್ಸಿನ ತುದಿಯ ಮೇಲೆ ಬೀಳುತ್ತದೆ. ಫೋಕಸ್ ಮಾಡುವಾಗ ಮುಂಭಾಗ ಹೊರಚಾಚುವ ಲೆನ್ಸಾದರೆ ಅದರ ಮೋಟಾರಿಗೆ ಇದು ಭಾರ.

ಮೂರನೆಯದು ಹಾಟ್‌ಶೂ (ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಶ್ ಸೇರಿಸುವ ಜಾಗ) ಮೇಲೆ ಕೂರುವ ಸಾಮಾನ್ಯ ಸ್ಪೀಡ್‌ಲೈಟ್ ಮತ್ತು ಅದರ ಮುಂದೆ ಒಳ್ಳೆಯ ಡಿಫ್ಯೂಸರ್. ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನನ್ನ ಉತ್ತರ ಇದೇ. ಒಂದೇ ಮೂಲದಿಂದ ಬಂದು ಅಗಲವಾಗಿ ಹರಡುವ ಬೆಳಕು ಮೋಡ ಕವಿದ ಆಕಾಶದ ಬೆಳಕಿಗೆ ಸಮೀಪವಾಗಿರುತ್ತದೆ, ಕಣ್ಣಿನಲ್ಲಿ ಒಂದೇ ಪ್ರತಿಬಿಂಬ ಇರುತ್ತದೆ, ಇದೇ ಫ್ಲ್ಯಾಶ್ ಬೇರೆ ಕೆಲಸಗಳಿಗೂ ಒದಗುತ್ತದೆ. ತಲೆ ಕೆಳಕ್ಕೂ ಸ್ವಲ್ಪ ಬಾಗುವಂತಿದ್ದರೆ ಒಳ್ಳೆಯದು. ಹಾಟ್‌ಶೂ ಮೇಲಿಂದ ಬೆಳಕು ಲೆನ್ಸಿನ ತುದಿಯನ್ನು ದಾಟದಿದ್ದರೆ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಕ್ಯಾಮೆರಾವೇ ಫ್ಲ್ಯಾಶಿನ ಶಕ್ತಿಯನ್ನು ನಿಗದಿಪಡಿಸುವ ವ್ಯವಸ್ಥೆ) ತಂತಿ ಅಥವಾ ರೇಡಿಯೋ ಟ್ರಿಗರ್ ಬಳಸಿ ಫ್ಲ್ಯಾಶನ್ನು ಬ್ರಾಕೆಟ್ಟಿನ ಮೇಲೆ ಮುಂದಕ್ಕೆ ತರಬಹುದು. ಬ್ರಾಕೆಟ್ ಆರಿಸುವಾಗ ಎಡಗೈ ಸ್ವತಂತ್ರವಾಗಿ ಉಳಿಯುವುದೇ ಎಂದು ನೋಡಿ. ಎಡಗೈ ಬೆರಳುಗಳಲ್ಲಿ ಗಿಡದ ಕಡ್ಡಿಯನ್ನು ಮೆಲ್ಲಗೆ ಹಿಡಿದು, ಅದೇ ಕೈಯ ಮೇಲೆ ಲೆನ್ಸನ್ನು ಊರಿದಾಗ ಕೀಟವೂ ಲೆನ್ಸೂ ಒಟ್ಟಿಗೆ ತೂಗುವುದರಿಂದ ಫೋಕಸ್ ನಿಲ್ಲುತ್ತದೆ. ಎಡಗೈಯನ್ನು ಕಟ್ಟಿಹಾಕುವ ಬ್ರಾಕೆಟ್ ಈ ಅನುಕೂಲವನ್ನೇ ಕಿತ್ತುಕೊಳ್ಳುತ್ತದೆ.

ಕ್ಯಾಮೆರಾದಲ್ಲೇ ಇರುವ ಪಾಪ್‌ಅಪ್ ಫ್ಲ್ಯಾಶನ್ನು ತಿರಸ್ಕರಿಸಬೇಕಾಗಿಲ್ಲ. ಲೆನ್ಸಿನ ನೆರಳು ಬೀಳದಂತೆ ಬೆಳಕನ್ನು ಮುಂದಕ್ಕೆ ಒಯ್ಯುವ ಡಿಫ್ಯೂಸರ್ ಇದ್ದರೆ ಅದರಿಂದಲೂ ಮೆಚ್ಚುವಂತಹ ಚಿತ್ರ ಬರುತ್ತದೆ. ಚಾರ್ಜ್ ಆಗಲು ತಡವಾಗುವುದೊಂದೇ ತೊಂದರೆ.

ಹಂತ 5: ಶಕ್ತಿ, ಅವಧಿ, ಚಾರ್ಜ್ ಆಗುವ ವೇಗ

ಗೈಡ್ ನಂಬರ್ ಎಂದರೆ ಐಎಸ್‌ಒ 100ರಲ್ಲಿ ಮೀಟರಿನಲ್ಲಿರುವ ದೂರವನ್ನು ಅಪರ್ಚರ್ ಸಂಖ್ಯೆಯಿಂದ ಗುಣಿಸಿದಾಗ ಬರುವ ಸಂಖ್ಯೆ. ಬೆಳಕು 15 ಸೆಂಟಿಮೀಟರ್ ದೂರದಲ್ಲಿದ್ದು, ಪರಿಣಾಮಕಾರಿ ಅಪರ್ಚರ್ ಎಫ್/22 ಆಗಿದ್ದರೆ ನಮಗೆ ಬೇಕಾದ ಗೈಡ್ ನಂಬರ್ 0.15 ಗುಣಿಸು 22, ಅಂದರೆ 3.3 ಮಾತ್ರ. ಗೈಡ್ ನಂಬರ್ 40 ಇರುವ ಸ್ಪೀಡ್‌ಲೈಟ್ ತನ್ನ 1/128 ಶಕ್ತಿಯಲ್ಲೇ ಸುಮಾರು 3.5 ಕೊಡುತ್ತದೆ. ಡಿಫ್ಯೂಸರ್ ಮೂರು ಸ್ಟಾಪ್ ನುಂಗಿದರೂ 1/16 ಶಕ್ತಿ ಸಾಕಾಗುತ್ತದೆ. ಇಷ್ಟು ಹತ್ತಿರದಲ್ಲಿ ಈ ಸೂತ್ರ ಕರಾರುವಾಕ್ಕಾಗಿ ನಡೆಯದಿದ್ದರೂ ಅಂದಾಜಿಗೆ ಮೋಸವಿಲ್ಲ.

ಶಕ್ತಿ ಮಿಗುವುದರ ಲಾಭ ಬೇರೆಡೆ ಇದೆ. ಸ್ಪೀಡ್‌ಲೈಟುಗಳು ಬೆಳಕಿನ ಪ್ರಖರತೆಯನ್ನು ಇಳಿಸುವ ಬದಲು ಅದು ಉರಿಯುವ ಅವಧಿಯನ್ನು ಮೊಟಕುಗೊಳಿಸಿ ಶಕ್ತಿಯನ್ನು ತಗ್ಗಿಸುತ್ತವೆ. ನಿಕಾನ್ ಎಸ್‌ಬಿ-900ರ ಕೈಪಿಡಿಯ ಪ್ರಕಾರ ಪೂರ್ಣ ಶಕ್ತಿಯಲ್ಲಿ ಮಿಂಚಿನ ಅವಧಿ ಸೆಕೆಂಡಿನ 1/880, 1/16ರಲ್ಲಿ 1/10,000, 1/128ರಲ್ಲಿ 1/38,500. ಆದ್ದರಿಂದ ಚಿಕ್ಕ ಫ್ಲ್ಯಾಶನ್ನು ಪೂರ್ಣ ಶಕ್ತಿಯಲ್ಲಿ ಉರಿಸುವುದಕ್ಕಿಂತ ಮಧ್ಯಮ ಫ್ಲ್ಯಾಶನ್ನು 1/16ರ ಆಸುಪಾಸಿನಲ್ಲಿ ಉರಿಸುವುದು ಜಾಣತನ: ಚಿತ್ರ ಹರಿತವಾಗುತ್ತದೆ, ಮರುಕ್ಷಣವೇ ಫ್ಲ್ಯಾಶ್ ಸಿದ್ಧವಾಗುತ್ತದೆ, ಬಿಸಿಯೂ ಆಗುವುದಿಲ್ಲ. ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹಲವು ಚಿತ್ರ ತೆಗೆದು ಜೋಡಿಸುವ ಫೋಕಸ್ ಸ್ಟ್ಯಾಕಿಂಗ್ ಮಾಡುವವರಿಗೆ ಈ ಸಿದ್ಧತೆಯ ವೇಗವೇ ಮುಖ್ಯ. ಬ್ಯಾಟರಿಯ ಮಟ್ಟಿಗೆ ಸಾಮಾನ್ಯ ಆಲ್ಕಲೈನ್ ಸೆಲ್ಲುಗಳಿಗಿಂತ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಅಥವಾ ಲಿಥಿಯಂ ಬ್ಯಾಟರಿಯ ಫ್ಲ್ಯಾಶುಗಳು ಮೇಲು.

ಅವಧಿಯ ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಅಗತ್ಯ: ತಯಾರಕರು ಹೆಚ್ಚಾಗಿ ಕೊಡುವುದು ಬೆಳಕು ತನ್ನ ಗರಿಷ್ಠದ ಅರ್ಧಕ್ಕಿಂತ ಮೇಲಿರುವ ಅವಧಿಯನ್ನು. ಅದರ ನಂತರವೂ ಬಾಲದಂತೆ ಸ್ವಲ್ಪ ಬೆಳಕು ಉಳಿಯುವುದರಿಂದ, ವಿಶೇಷವಾಗಿ ಪೂರ್ಣ ಶಕ್ತಿಯಲ್ಲಿ, ಚಲನೆಯನ್ನು ನಿಲ್ಲಿಸುವ ನಿಜವಾದ ಅವಧಿ ಹೆಚ್ಚಿರುತ್ತದೆ.

ಹಂತ 6: ಶಟರ್, ಸಿಂಕ್ ಮತ್ತು ನಿಯಂತ್ರಣ

ಫೋಕಲ್ ಪ್ಲೇನ್ ಶಟರ್ (ಸೆನ್ಸರಿನ ಮುಂದೆ ಪರದೆಯಂತೆ ಸರಿಯುವ ಶಟರ್) ಇರುವ ಬಹುತೇಕ ಕ್ಯಾಮೆರಾಗಳಲ್ಲಿ ಫ್ಲ್ಯಾಶಿನೊಂದಿಗೆ ಬಳಸಬಹುದಾದ ಗರಿಷ್ಠ ಶಟರ್ ವೇಗ 1/200 ಅಥವಾ 1/250. ಇದನ್ನು ಮೀರಲು ಹೈ ಸ್ಪೀಡ್ ಸಿಂಕ್ ಇದೆ, ಆದರೆ ಅದರಲ್ಲಿ ಫ್ಲ್ಯಾಶ್ ಒಂದೇ ಮಿಂಚಿನ ಬದಲು ಶಟರ್ ಸರಿಯುವಷ್ಟು ಹೊತ್ತೂ ಬಿಡಿಬಿಡಿಯಾಗಿ ಮಿನುಗುವುದರಿಂದ ಶಕ್ತಿಯೂ ಸೋರುತ್ತದೆ, ಚಲನೆ ನಿಲ್ಲಿಸುವ ಗುಣವೂ ಹೋಗುತ್ತದೆ. ಕೀಟಗಳಿಗೆ ಇದನ್ನು ಬಳಸುವ ಅಗತ್ಯ ಅಪರೂಪ. 2023ರಲ್ಲಿ ಪ್ರಕಟವಾದ ಸೋನಿ ಎ9 III ಇಡೀ ಸೆನ್ಸರನ್ನು ಒಂದೇ ಬಾರಿಗೆ ಓದುವ ಗ್ಲೋಬಲ್ ಶಟರ್ ಹೊಂದಿರುವುದರಿಂದ ಈ ಮಿತಿಗೆ ಹೊರತು. ಮಿರರ್‌ಲೆಸ್ ಕ್ಯಾಮೆರಾ ಉಳ್ಳವರು ಎಲೆಕ್ಟ್ರಾನಿಕ್ ಶಟರಿನಲ್ಲಿ ಫ್ಲ್ಯಾಶ್ ಉರಿಯುವುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಹಲವು ಮಾದರಿಗಳಲ್ಲಿ ಉರಿಯುವುದೇ ಇಲ್ಲ.

1/200ರಲ್ಲಿ ಹೊರಗಿನ ಬೆಳಕಿನ ಪಾತ್ರವೇನು ಎಂಬುದನ್ನು ಮೊದಲ ಹಂತದ ಅಂಕಿಗಳಿಂದಲೇ ತಿಳಿಯಬಹುದು. ನೆರಳಿನ ಬೆಳಕು ಐದು ಸ್ಟಾಪ್ ಕೆಳಗಿರುತ್ತದೆ, ಅದು ಚಿತ್ರದಲ್ಲಿ ಕಾಣುವುದಿಲ್ಲ. ನೇರ ಬಿಸಿಲು ಎರಡೇ ಸ್ಟಾಪ್ ಕೆಳಗಿರುವುದರಿಂದ, ಕೀಟ ಅಲುಗಿದರೆ ಫ್ಲ್ಯಾಶಿನ ಹರಿತ ಚಿತ್ರದ ಪಕ್ಕದಲ್ಲಿ ಮಸುಕಾದ ಎರಡನೆಯ ಅಂಚು ಮೂಡುತ್ತದೆ. ಇಂತಹ ಅಂಚು ಕಂಡಾಗ ಫ್ಲ್ಯಾಶನ್ನು ದೂರುವ ಬದಲು ಕೀಟದ ಮೇಲೆ ನೆರಳು ಮಾಡಿಕೊಳ್ಳಿ.

ಟಿಟಿಎಲ್ ಬೇಕೇ, ಮ್ಯಾನುವಲ್ ಸಾಕೇ? ವರ್ಧನೆಯನ್ನು ನಿಗದಿಪಡಿಸಿಕೊಂಡು, ದೇಹವನ್ನು ಹಿಂದೆ ಮುಂದೆ ಬಾಗಿಸಿ ಫೋಕಸ್ ಮಾಡುವವರಿಗೆ ಕೀಟದಿಂದ ಡಿಫ್ಯೂಸರಿನ ದೂರ ಪ್ರತಿ ಬಾರಿಯೂ ಒಂದೇ ಆಗಿರುತ್ತದೆ. ದೂರ ಬದಲಾಗದಿದ್ದರೆ ಬೇಕಾದ ಬೆಳಕೂ ಬದಲಾಗದು. ಹಾಗಾಗಿ ಒಮ್ಮೆ ಹೊಂದಿಸಿದ ಮ್ಯಾನುವಲ್ ಶಕ್ತಿ ಇಡೀ ದಿನ ನಡೆಯುತ್ತದೆ. ಟಿಟಿಎಲ್ ಕಪ್ಪು ಇರುವೆಯನ್ನು ಬೂದು ಮಾಡಲು, ಬಿಳಿ ಹೂವಿನ ಮೇಲಿನ ಕೀಟವನ್ನು ಮಂಕಾಗಿಸಲು ಹೊರಡುತ್ತದೆ. ಅದರ ಮುನ್ಮಿಂಚಿಗೆ ಬೆಚ್ಚಿ ಜಿಗಿಯುವ ಕೀಟಗಳೂ ಇವೆ. ಗಳಿಗೆಗೊಂದು ವರ್ಧನೆ ಬದಲಿಸುವವರಿಗೆ ಮಾತ್ರ ಟಿಟಿಎಲ್ ಉಪಯುಕ್ತ. ಆರಂಭಕ್ಕೆ ಐಎಸ್‌ಒ 200, 1/200, ಲೆನ್ಸಿನಲ್ಲಿ ಎಫ್/11, ಫ್ಲ್ಯಾಶ್ 1/16 ಇಟ್ಟು, ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆಯನ್ನು ತೋರುವ ನಕ್ಷೆ) ನೋಡಿ ಫ್ಲ್ಯಾಶಿನ ಶಕ್ತಿಯೊಂದನ್ನೇ ಏರಿಳಿಸಿ. ಅಪರ್ಚರನ್ನು ಎಫ್/16ರಿಂದ ಮುಂದಕ್ಕೆ ಒಯ್ದರೆ ಡಿಫ್ರಾಕ್ಷನ್ (ಕಿರಿದಾದ ಕಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದು) ಕಾರಣದಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಹಂತ 7: ಹಿನ್ನೆಲೆ, ಬಣ್ಣ, ಹೊಳಪು

ಹತ್ತಿರದ ಬೆಳಕು ಬೇಗ ಕ್ಷೀಣಿಸುತ್ತದೆ. ಡಿಫ್ಯೂಸರಿನಿಂದ ಕೀಟ 10 ಸೆಂಟಿಮೀಟರ್, ಹಿಂದಿನ ಎಲೆ 40 ಸೆಂಟಿಮೀಟರ್ ದೂರದಲ್ಲಿದ್ದರೆ ಎಲೆಗೆ ಸಿಗುವ ಬೆಳಕು ಸುಮಾರು ಹದಿನಾರರಲ್ಲಿ ಒಂದು ಪಾಲು, ಅಂದರೆ ನಾಲ್ಕು ಸ್ಟಾಪ್ ಕಡಿಮೆ. ಹಿನ್ನೆಲೆ ಕಪ್ಪಾಗುವುದು ಇದರಿಂದ. ಪತಂಗಕ್ಕೆ ಕಪ್ಪು ಹಿನ್ನೆಲೆ ಒಪ್ಪೀತು, ಹಗಲಿನ ಚಿಟ್ಟೆಗೆ ಒಪ್ಪುವುದಿಲ್ಲ. ಕೀಟದ ಹಿಂದೆಯೇ ಎಲೆ ಅಥವಾ ಹೂವು ಬರುವಂತೆ ಕೋನವನ್ನು ಬದಲಿಸುವುದು ಸುಲಭದ ಪರಿಹಾರ. ಐಎಸ್‌ಒ ಏರಿಸಿ, ಶಟರನ್ನು 1/60ರವರೆಗೆ ನಿಧಾನಿಸಿ ಹೊರಗಿನ ಬೆಳಕನ್ನು ಒಳಗೆ ಬಿಡುವುದು ಇನ್ನೊಂದು. ಕೀಟ ನಿಶ್ಚಲವಾಗಿದ್ದಾಗ ಮಾತ್ರ ಇದು ನಡೆಯುತ್ತದೆ. ಕೊಡತಿಹುಳುವಿನ ಪಾರದರ್ಶಕ ರೆಕ್ಕೆಗಳಿಗೆ ಹಿಂದಿನಿಂದ ಉರಿಯುವ ಎರಡನೆಯ ಚಿಕ್ಕ ಫ್ಲ್ಯಾಶ್ ಇದ್ದರೆ ನರಗಳ ಜಾಲ ಎದ್ದು ಕಾಣುತ್ತದೆ.

ಫ್ಲ್ಯಾಶಿನ ಬೆಳಕು ಸುಮಾರು 5500 ಕೆಲ್ವಿನ್ ಆಸುಪಾಸಿನಲ್ಲಿದ್ದರೂ ಡಿಫ್ಯೂಸರಿನ ಹಾಳೆ ಅದಕ್ಕೆ ತನ್ನ ಛಾಯೆಯನ್ನು ಬೆರೆಸುತ್ತದೆ. ಬೂದು ಕಾರ್ಡೊಂದನ್ನು ಅದೇ ಬೆಳಕಿನಲ್ಲಿ ತೆಗೆದು ವೈಟ್ ಬ್ಯಾಲೆನ್ಸ್ ನಿಗದಿಪಡಿಸಿಕೊಳ್ಳಿ. ಹೊಳಪನ್ನು ಪೂರ್ತಿ ಅಳಿಸಲು ಫ್ಲ್ಯಾಶಿಗೂ ಲೆನ್ಸಿಗೂ ಪರಸ್ಪರ ಅಡ್ಡಲಾಗಿ ಪೋಲರೈಸರ್ ಹಾಕುವ ವಿಧಾನವಿದೆ. ಇದು ಬಹಳಷ್ಟು ಬೆಳಕನ್ನು ತಿನ್ನುವುದಲ್ಲದೆ, ಲೋಹದಂತೆ ಮಿನುಗುವ ಜೀರುಂಡೆಗಳ ಬಣ್ಣವೇ ಪ್ರತಿಫಲನದಿಂದ ಹುಟ್ಟುವುದರಿಂದ ಆ ಬಣ್ಣವನ್ನೂ ಬಹುಮಟ್ಟಿಗೆ ಕಳೆದು ಜೀವಿಯನ್ನು ಕಪ್ಪಾಗಿಸಬಲ್ಲದು.

ಹಂತ 8: ಹಾರುವ ಕೀಟಗಳಿಗೆ ಬೇರೆ ಲೆಕ್ಕ

ಮೇಲಿನ ಎಲ್ಲವೂ ಕುಳಿತ ಅಥವಾ ನಡೆಯುವ ಕೀಟಗಳಿಗೆ ಸಾಕು. ಹಾರಾಟದ ಮಾತು ಬೇರೆ. ಜೇನ್ನೊಣ ಸೆಕೆಂಡಿಗೆ ಸುಮಾರು 230 ಬಾರಿ ರೆಕ್ಕೆ ಬಡಿಯುತ್ತದೆ. ಒಂದು ಸೆಂಟಿಮೀಟರಿಗೆ ಹತ್ತಿರವಿರುವ ರೆಕ್ಕೆಯ ತುದಿ ಸರಾಸರಿ ಸೆಕೆಂಡಿಗೆ ಏಳು ಮೀಟರಿನಷ್ಟು ವೇಗದಲ್ಲಿ ಚಲಿಸುತ್ತದೆ. ಮಿಂಚಿನ ಅವಧಿ 1/880 ಆಗಿದ್ದರೆ ಅಷ್ಟರಲ್ಲಿ ತುದಿ 8 ಮಿಲಿಮೀಟರ್ ಸರಿದಿರುತ್ತದೆ, 1/10,000ದಲ್ಲಿ 0.7 ಮಿಲಿಮೀಟರ್, 1/38,500ರಲ್ಲಿ 0.2 ಮಿಲಿಮೀಟರಿಗೂ ಕಡಿಮೆ. ಹಾಗಾಗಿ ಇಲ್ಲಿ 1/64 ಅಥವಾ 1/128 ಶಕ್ತಿಯನ್ನು ಬಿಟ್ಟು ಮೇಲೇರುವಂತಿಲ್ಲ. ಬೆಳಕು ಸಾಲದೆ ಬಂದಾಗ ಶಕ್ತಿಯನ್ನು ಏರಿಸದೆ ಅಷ್ಟೇ ಶಕ್ತಿಯ ಇನ್ನೊಂದು ಫ್ಲ್ಯಾಶನ್ನು ಸೇರಿಸಬೇಕು: ಎರಡು ಫ್ಲ್ಯಾಶುಗಳು ಒಂದು ಸ್ಟಾಪ್, ನಾಲ್ಕು ಫ್ಲ್ಯಾಶುಗಳು ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡುತ್ತವೆ, ಅವಧಿ ಮಾತ್ರ ಹಿಗ್ಗುವುದಿಲ್ಲ. ಇವುಗಳನ್ನು ಒಂದೇ ತಯಾರಿಕೆಯ ರೇಡಿಯೋ ಟ್ರಿಗರಿನಿಂದ ಒಟ್ಟಿಗೆ ಉರಿಸಿ, ವರ್ಧನೆಯನ್ನು ಅರ್ಧ ಪಟ್ಟಿಗೆ ಇಳಿಸಿ, ಕೀಟ ಮತ್ತೆ ಮತ್ತೆ ಬಂದು ಹೋಗುವ ಹೂವಿನ ಮುಂದೆ ಮೊದಲೇ ಫೋಕಸ್ ಮಾಡಿಟ್ಟುಕೊಂಡು ಕಾಯಿರಿ. ಇಂತಹ ಜೋಡಣೆಗಾಗಿ ಕೊಳ್ಳುವಾಗ ಒಂದು ದೊಡ್ಡ ಫ್ಲ್ಯಾಶಿನ ಬದಲು ಒಂದೇ ಮಾದರಿಯ ಎರಡು ಚಿಕ್ಕವನ್ನು ಕೊಳ್ಳಿ, ಕೊಳ್ಳುವ ಮುನ್ನ ಕೈಪಿಡಿಯ ಕೊನೆಯ ಪುಟಗಳಲ್ಲಿ ಅವಧಿಯ ಕೋಷ್ಟಕವಿದೆಯೇ ಎಂದು ನೋಡಿ. ಕೋಷ್ಟಕವನ್ನೇ ಕೊಡದ ಫ್ಲ್ಯಾಶನ್ನು ಹಾರಾಟದ ಚಿತ್ರಗಳಿಗಾಗಿ ನಾನು ಆರಿಸುವುದಿಲ್ಲ.